ಆತಂಕದ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಮೆದುಳಿಗೆ ಏನಾಗುತ್ತದೆ?

ಪ್ರಶ್ನೆ: ನಾಲ್ಕು ವರ್ಷದಿಂದ ಆತಂಕಕ್ಕೆ ಎಸಿಟಾಲೋಪ್ರಾಮ್ 10 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಆರಾಮ ಇದ್ದೇನೆ. ಆದರೆ ಇದರಿಂದ ಮೆದುಳಿನ ಸೆರೊಟೋನಿನ್ ಗ್ರಾಹಕಗಳು ಸತ್ತೇ ಹೋಗುತ್ತವೆ, ಇವತ್ತೇ ಬಿಡು ಅಂತಾನೆ ಮೈದುನ. ನಿಜವೇ?
– ಓದುಗರು, ಗದಗ

ಉತ್ತರ: ಸಾಯುವುದಿಲ್ಲ ಅಕ್ಕಾ, ಆ ಭಯ ಬಿಡಿ. ಸೆರೊಟೋನಿನ್ ಎಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ, ಗ್ರಾಹಕ (ರಿಸೆಪ್ಟರ್) ಎಂದರೆ ಆ ಸಂದೇಶ ಹಿಡಿಯುವ ಕೋಶದ ಭಾಗ. ನರಕೋಶ ಹೊರಗೆ ಬಿಟ್ಟ ಸೆರೊಟೋನಿನ್ ಮತ್ತೆ ಅದೇ ಕೋಶಕ್ಕೆ ವಾಪಸ್ ಹೋಗದಂತೆ ಈ ಮಾತ್ರೆ ತಡೆಯುತ್ತದೆ. ಈ ಕೆಲಸ ಮೊದಲ ದಿನವೇ ಶುರು. ಆದರೂ ಆರಾಮ ಅನಿಸಲು ವಾರಗಳೇ ಬೇಕು, ಅಲ್ವಾ? ಸೆರೊಟೋನಿನ್ ಬಿಡುವ ಕೋಶದ ಮೇಲೇ 5-ಎಚ್‌ಟಿ1ಎ ಎಂಬ ಗ್ರಾಹಕ ಇರುತ್ತದೆ, ಅದು ನೀರಿನ ಟ್ಯಾಂಕಿನ ತೇಲುಗುಂಡಿನ ಹಾಗೆ, ಜಾಸ್ತಿಯಾಯಿತು ಅಂತ ಕಂಡ ಕೂಡಲೇ ಹರಿವು ತಗ್ಗಿಸುತ್ತದೆ. ಕೆಲವು ವಾರ ಮಾತ್ರೆ ಹೋದ ಮೇಲೆ ಅದರ ಚುರುಕು ಕಡಿಮೆಯಾಗಿ ಹರಿವು ಏರುತ್ತದೆ. ಮೆದುಳು ಹೀಗೆ ಹೊಂದಿಕೊಂಡಿರುತ್ತದೆ, ಅಷ್ಟೇ.

ಅದಕ್ಕೇ ಒಮ್ಮೆಲೇ ಬಿಡಬೇಡಿ. ತಲೆಸುತ್ತು, ವಾಕರಿಕೆ, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂತಾಗುವುದು, ಇವೆಲ್ಲ ಬರಬಹುದು, ಹಳೇ ಕಾಯಿಲೆಯೇ ಮರಳಿತು ಅಂತ ಜನ ಸುಮ್ನೆ ಗಾಬರಿಯಾಗುತ್ತಾರೆ. ಬಿಡಲೇಬೇಕೆಂದರೆ ವೈದ್ಯರ ಜೊತೆ ಕೂತು, ತಿಂಗಳುಗಳೇ ಹಿಡಿದರೂ ಸರಿ, ಹಂತ ಹಂತವಾಗಿ ಇಳಿಸಿ. ಲೈಂಗಿಕ ಆಸಕ್ತಿ ಕುಂದಿದ್ದರೆ, ಮನಸ್ಸು ಮಂಕಾಗಿದ್ದರೆ ಅದನ್ನೂ ನಾಚದೆ ಹೇಳಿ.

ಚೀಟಿಯಲ್ಲಿ ಕ್ಲೊನಜೆಪಾಮ್ ಎಂಬ ಇನ್ನೊಂದು ಆತಂಕದ ಮಾತ್ರೆ ಕೂಡ ಇದೆಯಾ ನೋಡಿ. ಅದರ ದಾರಿಯೇ ಬೇರೆ, ಮೆದುಳನ್ನು ಶಾಂತವಾಗಿಸುವ ಗಾಬಾ ಎಂಬ ರಾಸಾಯನಿಕದ ಗ್ರಾಹಕಗಳ ಮೇಲೆ ಕೆಲಸ ಮಾಡುತ್ತದೆ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಲ್ಲ, ಹೋಗುವಾಗ ಹಳೇ ಚೀಟಿಗಳನ್ನೆಲ್ಲ ಒಯ್ಯಿರಿ. ಮನೆಯಿಂದಲೇ ಮಾತಾಡಬೇಕೆಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.