ದೇಹ ಅದಲುಬದಲಾಗುವ ಕಥೆಗಳಲ್ಲಿ ‘ನಾನು’ ಅಂದರೆ ಯಾರು? ಒಪ್ಪಿಗೆ ಯಾರದ್ದು?

ರಾಜಕುಮಾರನ ನೆನಪುಗಳೆಲ್ಲ ಚಪ್ಪಲಿ ಹೊಲಿಯುವವನ ಮೈಗೆ ಬಂದರೆ ಅವನು ಯಾರು? 1694ರಲ್ಲೇ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್ ಇದನ್ನು ಚರ್ಚಿಸಿದ್ದರು. ಅರಿವು ರಾಜಕುಮಾರನದ್ದಾದ್ದರಿಂದ ವ್ಯಕ್ತಿಯೂ ಅವನೇ ಎಂಬುದು ಅವರ ವಾದ. ಹೆಚ್ಚಿನ ಕಥೆಗಳು ಇದನ್ನೇ ನಂಬಿ ಸಾಗುತ್ತವೆ. ನನಗೆ ಇದು ಅರ್ಧ ಮಾತ್ರ ಸರಿ ಅನಿಸುತ್ತದೆ. ಹಸಿವು, ಭಯ, ಕೈಗೆ ರೂಢಿಯಾದ ಕೆಲಸ, ಇವೆಲ್ಲ ಮೈಯಲ್ಲೂ ಇರುತ್ತವೆ ಅಲ್ವಾ? ಜನ ಬೇರೆ ಥರ ನಡೆಸಿಕೊಂಡರೆ ಸ್ವಭಾವವೂ ನಿಧಾನಕ್ಕೆ ಬದಲಾಗುತ್ತದೆ.

ಒಪ್ಪಿಗೆಯ ವಿಷಯ ಇನ್ನೂ ಗಂಭೀರ. ದೇಹ ಕೈಗೆ ಬಂದಿರಬಹುದು, ಆದರೆ ಅದು ಯಾರದ್ದೋ ಅವರು ಹೂಂ ಅಂದಿಲ್ಲ. ಹಚ್ಚೆಯಾಗಲಿ, ಗರ್ಭವಾಗಲಿ, ಆಮೇಲೆ ಹೊರಬೇಕಾದವರು ಅವರೇ. ಸಂಗಾತಿಗೂ ಮೋಸವಾಗುತ್ತದೆ: ಆಕೆ ಒಪ್ಪಿದ್ದು ಆ ಮೈಯೊಳಗಿದ್ದ ಹಳೆಯ ಮನುಷ್ಯನನ್ನು. ಇದನ್ನು ಸುಮ್ನೆ ತಮಾಷೆ ಮಾಡಿ ಮುಗಿಸುವ ಕಥೆ ನನಗೆ ಹಿಡಿಸುವುದಿಲ್ಲ.