ಫೋಮ್ ಆಮೇಲೆ, ಮೊದಲು ಕುರ್ಚಿ ಸರಿಸಿ

ಪ್ರಶ್ನೆ: ಮನೆಯ ಒಂದು ಕೋಣೆಯಲ್ಲಿ ಹಾಡು ರೆಕಾರ್ಡ್ ಮಾಡಿ ಮಿಕ್ಸ್ ಮಾಡುತ್ತೇನೆ. 12 ಅಡಿ ಉದ್ದ, 10 ಅಡಿ ಅಗಲ, ಎತ್ತರವೂ 10 ಅಡಿ. ಉದ್ದನೆಯ ಗೋಡೆಯ ಕಡೆ ಮೇಜು, ಕೋಣೆಯ ನಟ್ಟನಡುವೆ ಕುರ್ಚಿ. ಗೋಡೆಗೆಲ್ಲ ಒಂದಿಂಚಿನ ಫೋಮ್ ಅಂಟಿಸಿದ್ದೇನೆ. ಬೇಸ್ ಸಾಲದು ಅನ್ನಿಸಿ ಏರಿಸಿದರೆ ಅದೇ ಹಾಡು ಕಾರಿನಲ್ಲಿ ಗುಂಯ್‌ಗುಡುತ್ತದೆ. ಫ್ಯಾನ್ ಹಾಕಿದರೆ ಮೈಕಿಗೆ ಸದ್ದು, ಆರಿಸಿದರೆ ಸೆಖೆ. ಏನು ಮಾಡಲಿ?
– ಓದುಗರೊಬ್ಬರು, ಮಂಗಳೂರು

ಉತ್ತರ: ಆ ಕೋಣೆಯಲ್ಲಿ ಬೇಸ್ ಅತಿ ಕಡಿಮೆ ಕೇಳಿಸುವ ಜಾಗದಲ್ಲೇ ನೀವು ಕೂತಿದ್ದೀರಿ. ಎದುರುಬದುರು ಗೋಡೆಗಳ ನಡುವೆ ಕೆಲವು ತಗ್ಗು ಸ್ವರಗಳು ಹೋಗಿ ಬಂದು, ನಿಂತ ಅಲೆಗಳಾಗುತ್ತವೆ. ಗೋಡೆಯ ಬಳಿ, ಮೂಲೆಗಳಲ್ಲಿ ಅವು ಜೋರು. ನಡುವೆ ಹೆಚ್ಚುಕಡಿಮೆ ಮಾಯ. 12 ಅಡಿ ಅಂತರಕ್ಕೆ ಆ ಸ್ವರ ಸುಮಾರು 47 ಹರ್ಟ್ಸ್, 10 ಅಡಿಗೆ ಸುಮಾರು 56. ನಿಮ್ಮಲ್ಲಿ ಅಗಲ, ಎತ್ತರ ಎರಡೂ ಒಂದೇ ಆದ್ದರಿಂದ 56ರ ಕಾಟ ಇಮ್ಮಡಿ. ಬೇಸ್ ಗಿಟಾರಿನ ಎ ತಂತಿಯನ್ನು ಬೆರಳೊತ್ತದೆ ಮೀಟಿದರೆ ಬರುವುದು 55 ಹರ್ಟ್ಸ್. ಅದೊಂದನ್ನು ಲೂಪ್‌ನಲ್ಲಿ ಹಾಕಿ, ಕುರ್ಚಿಯಿಂದ ಎದ್ದು ಮೂಲೆಯವರೆಗೆ ನಡೆದು ನೋಡಿ.

ಇದನ್ನು ಇಕ್ಯೂನಿಂದ (ಬೇರೆ ಬೇರೆ ಸ್ವರಗಳ ಮಟ್ಟ ಏರಿಸಿ ಇಳಿಸುವ ಈಕ್ವಲೈಜರ್) ಸರಿಪಡಿಸಲು ಹೋಗಬೇಡಿ. ಸದ್ದು ರದ್ದಾಗುವ ಜಾಗದಲ್ಲಿ ಎಷ್ಟು ಏರಿಸಿದರೂ ಅಷ್ಟೂ ರದ್ದಾಗುತ್ತದೆ, ದಣಿಯುವುದು ಸ್ಪೀಕರ್ ಮಾತ್ರ.

ಮೇಜನ್ನು 10 ಅಡಿಯ ಗೋಡೆಯ ಕಡೆಗೆ ತಿರುಗಿಸಿ. ಸ್ಪೀಕರುಗಳ ಮುಖ ಆ ಗೋಡೆಯಿಂದ ಒಂದಡಿ, ನಿಮ್ಮ ತಲೆ ನಾಲ್ಕೂವರೆ ಅಡಿ ದೂರ ಇರಲಿ. ಎರಡು ಸ್ಪೀಕರುಗಳ ನಡುವೆ ನಾಲ್ಕಡಿ ಬಿಟ್ಟರೆ ತಲೆಯೂ ಸೇರಿ ಸಮಬಾಹು ತ್ರಿಕೋನವಾಗುತ್ತದೆ. ಟ್ವೀಟರ್, ಅಂದರೆ ಸ್ಪೀಕರಿನಲ್ಲಿ ತಾರಸ್ವರ ಹೊರಡಿಸುವ ಚಿಕ್ಕ ಭಾಗ, ಕಿವಿಯ ಮಟ್ಟದಲ್ಲಿರಬೇಕು. ಗೋಡೆ ಹತ್ತಿರವಾದ್ದರಿಂದ ಸ್ಪೀಕರಿನ ಬೆನ್ನಿಗೆ ಬೇಸ್ ತಗ್ಗಿಸುವ ಸ್ವಿಚ್ ಇದ್ದರೆ ಬಳಸಿ. ಈ ಅಳತೆ ಆರಂಭಕ್ಕಷ್ಟೇ. ಕುರ್ಚಿಯನ್ನು ಅರ್ಧರ್ಧ ಅಡಿ ಹಿಂದೆ ಮುಂದೆ ಸರಿಸಿ ಕೇಳಿ. ಎಡಬಲ ಸಮವಾಗಿರಲೆಂದು ಅಗಲದ ನಡುವೆಯೇ ಕೂರಬೇಕಾದ್ದರಿಂದ 56ರ ಕೊರತೆ ಪೂರ್ತಿ ಹೋಗದು. ಆ ಭಾಗವನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಪರೀಕ್ಷಿಸಿ.

ಇನ್ನು ಫೋಮ್. ಒಂದಿಂಚಿನದು ತಾರಸ್ವರಗಳನ್ನಷ್ಟೇ ಹೀರುತ್ತದೆ. ಬೇಸ್ ಹಾಗೇ ಉಳಿದು ಕೋಣೆ ಮಂಕಾಗುತ್ತದೆ. ಪಕ್ಕದ ಮನೆಗೆ ಹೋಗುವ ಸದ್ದನ್ನೂ ಅದು ತಡೆಯದು. ಅದಕ್ಕೆ ಬಾಗಿಲು ಕಿಟಕಿಗಳ ಸಂದಿಗೆ ರಬ್ಬರ್ ಪಟ್ಟಿ ಹಾಕಿಸುವುದು ಮೊದಲ ಕೆಲಸ. ಅರ್ಧಕ್ಕರ್ಧ ಫೋಮ್ ಕಿತ್ತುಬಿಡಿ. ಬಡಗಿಯಿಂದ ಮರದ ಚೌಕಟ್ಟು ಮಾಡಿಸಿ, ನಾಲ್ಕಿಂಚು ದಪ್ಪ ಬರುವಂತೆ ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು) ತುಂಬಿ, ಉಸಿರು ದಾಟುವಂಥ ಹತ್ತಿಬಟ್ಟೆ ಸುತ್ತಿ. ಘನ ಮೀಟರಿಗೆ 48 ಕಿಲೋ ಸಾಂದ್ರತೆಯದು ಸಾಕು. ತುಂಬುವಾಗ ಮಾಸ್ಕ್, ಗ್ಲೌಸ್ ಮರೆಯಬೇಡಿ, ಮೈ ತುರಿಸುತ್ತದೆ. ಈ ಪ್ಯಾನೆಲ್‌ಗಳನ್ನು ಮೊದಲು ನಾಲ್ಕು ಮೂಲೆಗಳಿಗೆ ನಿಲ್ಲಿಸಿ. ಆಮೇಲೆ ಪಕ್ಕದ ಗೋಡೆಗಳು: ನೀವು ಕೂತಿರುವಾಗ ಗೆಳೆಯರೊಬ್ಬರು ಗೋಡೆಗುಂಟ ಕನ್ನಡಿ ಸರಿಸಲಿ, ಸ್ಪೀಕರ್ ಕಂಡಲ್ಲಿ ಒಂದೊಂದು ಪ್ಯಾನೆಲ್. ನಿಮ್ಮೂರ ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲು ಗೋಡೆಯಿಂದ ಎರಡಿಂಚು ಬಿಟ್ಟು ನಿಲ್ಲಿಸಿ. ಆ ಸಂದಿನಿಂದ ತಗ್ಗು ಸ್ವರಗಳ ಹೀರಿಕೆಯೂ ಹೆಚ್ಚುತ್ತದೆ. ಟೈಲ್ಸ್ ಮೇಲೆ ದಪ್ಪ ಜಮಖಾನ ಹಾಸಿ. ಗಾಜಿನ ಮೇಜಿದ್ದರೆ ಬದಲಿಸಿ, ಅದು ಸದ್ದನ್ನು ನೇರ ಕಿವಿಗೆ ಎಸೆಯುತ್ತದೆ.

ಸೆಖೆಗೆ ನನ್ನ ಆಯ್ಕೆ ಇನ್ವರ್ಟರ್ ಎಸಿ. ಹಾಡುಗಾರರು ಬರುವ ಮೊದಲೇ ಕೋಣೆ ತಂಪು ಮಾಡಿ, ಟೇಕ್ ವೇಳೆ ಆರಿಸಿ. ಹೊರಗಿನ ಯಂತ್ರವನ್ನು ಇದೇ ಕೋಣೆಯ ಗೋಡೆಗೆ ಕೂರಿಸಲು ಬಿಡಬೇಡಿ, ಅದುರು ಒಳಗೆ ಬರುತ್ತದೆ. ಎಸಿ ಸದ್ಯಕ್ಕೆ ಆಗದಿದ್ದರೆ ಟೇಬಲ್ ಫ್ಯಾನನ್ನು ದೂರವಿಟ್ಟು, ಕಾರ್ಡಿಯಾಯ್ಡ್ ಮೈಕಿನ (ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ತೀರಾ ಕಡಿಮೆ ಹಿಡಿಯುವಂಥದ್ದು) ಬೆನ್ನು ಅದರತ್ತ ಬರುವಂತೆ ಹಾಡುಗಾರರನ್ನು ನಿಲ್ಲಿಸಿ. ಸಂದಿ ಮುಚ್ಚಿದ ಕೋಣೆಯಲ್ಲಿ ಗಾಳಿ ಬೇಗ ಕೆಡುತ್ತದೆ, ಹಾಗಾಗಿ ಎರಡು ಟೇಕ್‌ಗಳ ನಡುವೆ ಬಾಗಿಲು ತೆರೆದಿಡಿ.