ಹತ್ತನೆಯ ಲೆವೆಲ್ಲಿನ ವೀರ ಕಥೆಗೆ ಏಕೆ ಒಗ್ಗುವುದಿಲ್ಲ?

ಪ್ರಶ್ನೆ: ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ರೋಲ್‌ಪ್ಲೇಯಿಂಗ್ ಆಟದ ಒಂದೇ ಕ್ಯಾಂಪೇನನ್ನು, ಅಂದರೆ ಮುಂದುವರಿಯುತ್ತ ಹೋಗುವ ಒಂದೇ ಕಥೆಯನ್ನು, ನಾವು ಐದು ಮಂದಿ ಗೆಳೆಯರು ಎರಡು ವರ್ಷ ಆಡಿ ಮುಗಿಸಿದೆವು. ನನ್ನ ಪಾತ್ರ ಒಬ್ಬ ಫೈಟರ್, ಅಂದರೆ ಯೋಧ. ಪಾತ್ರದ ಬಲವನ್ನು ಅಳೆಯುವ ಮೆಟ್ಟಿಲುಗಳಾದ ಲೆವೆಲ್ಲುಗಳಲ್ಲಿ ಅವನು ಒಂದನೆಯದರಿಂದ ಶುರುವಾಗಿ ಹತ್ತನೆಯದನ್ನು ಮುಟ್ಟಿದ. ಈಗ ಅವನ ಕಥೆಯನ್ನು ಕಾದಂಬರಿಯಾಗಿ ಬರೆಯುತ್ತಿದ್ದೇನೆ. ಮೊದಲ ಅಧ್ಯಾಯದಲ್ಲಿ ಗಾಬ್ಲಿನ್ ಎಂಬ ಪುಟ್ಟ ರಾಕ್ಷಸನಿಗೆ ಬೆದರುವವನು ಕಥೆಯ ಒಂದೇ ವರ್ಷದಲ್ಲಿ ಡ್ರ್ಯಾಗನ್ ಕೊಲ್ಲುವುದನ್ನು ನಂಬಲಾಗುವುದಿಲ್ಲ ಎಂದು ಓದಿದವರೆಲ್ಲ ಹೇಳುತ್ತಾರೆ. ಆಡುವಾಗ ನಮ್ಮಲ್ಲಿ ಯಾರಿಗೂ ಹಾಗೆ ಅನ್ನಿಸಿರಲಿಲ್ಲ. ಎಡವಟ್ಟು ಆಗಿರುವುದು ಎಲ್ಲಿ?

ಉತ್ತರ: ಲೆವೆಲ್ ಎಂಬುದು ಪಾತ್ರದ ಬದುಕಿನಲ್ಲಿ ನಡೆಯುವ ಸಂಗತಿಯಲ್ಲ, ಅದು ಆಡುವವರಿಗೆ ಸಲ್ಲುವ ಸಂಬಳ. ಎರಡು ವರ್ಷ ಮೇಜಿನ ಸುತ್ತ ಕುಳಿತು, ದಾಳ ಕೈಕೊಟ್ಟಾಗ ಹಲ್ಲು ಕಚ್ಚಿಕೊಂಡು, ಮುಂದಿನ ಬಾರಿ ಮತ್ತೆ ಬಂದು ಕುಳಿತವರು ನೀವು. ಹತ್ತನೆಯ ಲೆವೆಲ್ಲಿಗೆ ಬರುವ ಹೊತ್ತಿಗೆ ನೀವು ನಿಜವಾಗಿಯೂ ಬೆವರು ಸುರಿಸಿದ್ದಿರಿ, ಆದ್ದರಿಂದಲೇ ಆ ಬಲ ನಿಮಗೆ ನ್ಯಾಯವಾಗಿ ಕಂಡಿತು. ನಿಮ್ಮ ಓದುಗ ಅದೇ ದಾರಿಯನ್ನು ನಾಲ್ಕು ಸಂಜೆಗಳಲ್ಲಿ ದಾಟುತ್ತಾನೆ. ನೀವು ಗಳಿಸಿದ ಸಂಬಳ ಅವನ ಲೆಕ್ಕಕ್ಕೆ ಬರುವುದಿಲ್ಲ.

ಒಂದು ಉದಾಹರಣೆಯನ್ನು ಅಂಕಿಗಳಲ್ಲಿಯೇ ನೋಡೋಣ. ಆಟದ 2014ರ ನಿಯಮಗಳಂತೆ, ಮೈಕಟ್ಟಿನ ಅಂಕ 14 ಇರುವ ಫೈಟರ್‌ನಿಗೆ ಮೊದಲ ಲೆವೆಲ್ಲಿನಲ್ಲಿ 12 ಹಿಟ್ ಪಾಯಿಂಟ್, ಅಂದರೆ ಎಷ್ಟು ಪೆಟ್ಟು ತಾಳಬಲ್ಲ ಎಂಬುದರ ಅಂಕಗಳು, ಇರುತ್ತವೆ. ಪ್ರತಿ ಲೆವೆಲ್ಲಿಗೂ ಸರಾಸರಿಯನ್ನೇ ಹಿಡಿದರೆ ಹತ್ತನೆಯದರಲ್ಲಿ ಅವು 84 ಆಗುತ್ತವೆ. ಮೇಲಿನಿಂದ ಬಿದ್ದವನಿಗೆ ಪ್ರತಿ ಹತ್ತು ಅಡಿಗೆ ಆರು ಮುಖದ ಒಂದು ದಾಳದಷ್ಟು ಪೆಟ್ಟು, ಹೆಚ್ಚೆಂದರೆ 20 ದಾಳ. ಅಂದರೆ 200 ಅಡಿಯ ಕಡಿದಾದ ಬಂಡೆಯ ಮೇಲಿನಿಂದ ಬಿದ್ದವನಿಗೆ ಸರಾಸರಿ 70 ಪಾಯಿಂಟ್ ನಷ್ಟವಾಗುತ್ತದೆ. ಮೊದಲ ಲೆವೆಲ್ಲಿನಲ್ಲಿ 40 ಅಡಿಯಿಂದ ಬಿದ್ದರೂ ಪ್ರಜ್ಞೆ ತಪ್ಪುತ್ತಿದ್ದ ಮನುಷ್ಯ, ಈಗ 200 ಅಡಿ ಕೆಳಗೆ ಬಿದ್ದು ಮೈ ಕೊಡವಿಕೊಂಡು ಎದ್ದು ಕತ್ತಿ ಹಿರಿಯುತ್ತಾನೆ. ಮೇಜಿನ ಸುತ್ತ ಇದು ಚಪ್ಪಾಳೆ ಗಿಟ್ಟಿಸುವ ಗಳಿಗೆ. ಪುಟದ ಮೇಲೆ ಇದನ್ನು ಇದ್ದಂತೆಯೇ ಬರೆದರೆ ಓದುಗ ಪುಸ್ತಕ ಮುಚ್ಚುತ್ತಾನೆ. ಆಟ ರೂಪಿಸಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ ಅವರಿಗೂ ಈ ತೊಡಕು ತಿಳಿದಿತ್ತು. ಹಿಟ್ ಪಾಯಿಂಟ್‌ಗಳೆಲ್ಲವೂ ರಕ್ತಮಾಂಸವಲ್ಲ, ಅವುಗಳಲ್ಲಿ ಹೆಚ್ಚಿನ ಪಾಲು ಕೈಚಳಕ, ಅದೃಷ್ಟ ಮತ್ತು ದೈವಬಲ ಎಂದು ಅವರು 1979ರ ತಮ್ಮ ಕೈಪಿಡಿಯಲ್ಲಿ ವಿವರಿಸಿದರು. ಕತ್ತಿಯೇಟಿಗೆ ಈ ಸಮಾಧಾನ ಹೇಗೋ ಹೊಂದುತ್ತದೆ, ಬಂಡೆಯಿಂದ ಬೀಳುವುದಕ್ಕೆ ಮಾತ್ರ ಹೊಂದುವುದಿಲ್ಲ.

ಈ ಲೆವೆಲ್ಲುಗಳ ಏಣಿ ಹುಟ್ಟಿದ ಬಗೆಯನ್ನು ತಿಳಿದರೆ ನಿಮ್ಮ ಗೊಂದಲ ಇನ್ನಷ್ಟು ತಿಳಿಯಾಗುತ್ತದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 1974ರಲ್ಲಿ ಹೊರಬರುವ ಮೊದಲು, 1971ರಲ್ಲಿ, ಚೈನ್‌ಮೇಲ್ ಎಂಬ ಯುದ್ಧದ ಆಟವಿತ್ತು. ಪುಟ್ಟ ಸೈನಿಕರ ಗೊಂಬೆಗಳನ್ನು ಇಟ್ಟು ಆಡುವ ಆ ಆಟದ ಕಾಲ್ಪನಿಕ ಭಾಗದಲ್ಲಿ ‘ಹೀರೋ’ ಎಂಬ ಗೊಂಬೆಗೆ ನಾಲ್ಕು ಆಳುಗಳ ಬಲ, ‘ಸೂಪರ್‌ಹೀರೋ’ಗೆ ಎಂಟು ಆಳುಗಳ ಬಲ. ಅಲ್ಲಿ ವೀರನೆಂದರೆ ಮೊದಲಿನಿಂದಲೇ ವೀರ. ಹೊಸ ಆಟ ಅದೇ ಅಳತೆಯನ್ನು ಎತ್ತಿಕೊಂಡು ಮೆಟ್ಟಿಲುಗಳನ್ನಾಗಿ ಒಡೆಯಿತು: ನಾಲ್ಕನೆಯ ಲೆವೆಲ್ಲಿನ ಯೋಧನಿಗೆ ‘ಹೀರೋ’ ಎಂಬ ಬಿರುದು, ಎಂಟನೆಯವನಿಗೆ ‘ಸೂಪರ್‌ಹೀರೋ’. ಸಾಹಸಕಥೆಗಳು ಎಲ್ಲಿ ಆರಂಭವಾಗುತ್ತಿದ್ದವೋ ಅದರ ಕೆಳಗೆ ಆಟ ಮೂರು ಮೆಟ್ಟಿಲು ಕಟ್ಟಿತು, ಮೇಲೆಯೂ ಕಟ್ಟುತ್ತ ಹೋಯಿತು. ಆ ಮೆಟ್ಟಿಲು ಹತ್ತಿಸುವ ಅನುಭವದ ಅಂಕಗಳಲ್ಲಿ ದೊಡ್ಡ ಪಾಲು ಶೌರ್ಯಕ್ಕಲ್ಲ, ನೆಲಮಾಳಿಗೆಯಿಂದ ಹೊತ್ತು ತಂದ ಚಿನ್ನಕ್ಕೆ ಸಲ್ಲುತ್ತಿತ್ತು. ಇದನ್ನು ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

ಗೈಗ್ಯಾಕ್ಸ್ ತಮಗೆ ಪ್ರೇರಣೆ ಎಂದು ಪಟ್ಟಿ ಮಾಡಿದ ಲೇಖಕರಲ್ಲಿ ರಾಬರ್ಟ್ ಹೊವಾರ್ಡ್ ಒಬ್ಬರು. ಅವರ ಸಾಹಸಕಥೆಗಳ ನಾಯಕ ಕೋನನ್ ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡದ್ದು 1932ರ ಡಿಸೆಂಬರ್‌ನಲ್ಲಿ, ಆಗಲೇ ರಾಜನಾಗಿ, ಮೇಜಿನ ಮುಂದೆ ಕುಳಿತು ನಕಾಶೆ ತುಂಬುತ್ತ. ಮರುವರ್ಷ ಬಂದ ಕಥೆಯೊಂದರಲ್ಲಿ ಅವನು ಎಳೆಯ ಕಳ್ಳ. ಈ ಹಿಂದುಮುಂದಾದ ಕ್ರಮ ಓದುಗನಿಗೆ ಎಲ್ಲಿಯೂ ತೊಡರುವುದಿಲ್ಲ. ಏಕೆಂದರೆ ಕಳ್ಳನಿಗೂ ರಾಜನಿಗೂ ನಡುವೆ ಮುಖ್ಯವಾಗಿ ಬದಲಾದದ್ದು ತೋಳ್ಬಲವಲ್ಲ, ಕಳೆದುಕೊಳ್ಳಲು ಅವರವರ ಬಳಿ ಏನಿದೆ ಎಂಬುದು. ನಮ್ಮ ಮಹಾಭಾರತದ ಕರ್ಣನಂತೂ ಲೆವೆಲ್ ಇಳಿಯುತ್ತ ಹೋಗುವ ವೀರ. ಗುರುವಿನ ಶಾಪ ಮೊದಲೇ ತಗುಲಿತ್ತು. ಕವಚಕುಂಡಲಗಳು ಇಂದ್ರನ ಪಾಲಾದವು. ಅದಕ್ಕೆ ಬದಲಾಗಿ ಬಂದ ಶಕ್ತ್ಯಾಯುಧ ಘಟೋತ್ಕಚನ ಮೇಲೆ ಖರ್ಚಾಯಿತು. ಹದಿನೇಳನೆಯ ದಿನ ರಥದ ಚಕ್ರವೂ ನೆಲದಲ್ಲಿ ಹೂತಿತು. ಅರ್ಜುನ ತಪಸ್ಸು ಮಾಡಿ ಅಸ್ತ್ರ ಪಡೆಯುತ್ತಾನಲ್ಲ ಎಂದು ನೀವು ಕೇಳಬಹುದು. ನಿಜ, ಆದರೆ ಅದು ಒಂದೇ ಬಾರಿಗೆ, ಒಬ್ಬ ಬೇಡನ ಕೈಯಲ್ಲಿ ಪೆಟ್ಟು ತಿಂದು ಸೋತ ಮೇಲೆ ಸಿಕ್ಕಿದ್ದು; ತಿಂಗಳಿಗಿಷ್ಟು ಎಂದು ಏರುತ್ತ ಬಂದದ್ದಲ್ಲ.

ಆದ್ದರಿಂದ ನಿಮ್ಮ ಹತ್ತು ಲೆವೆಲ್ಲುಗಳನ್ನೂ ಕಾದಂಬರಿಗೆ ಹೊತ್ತು ತರಬೇಡಿ. ನಿಮ್ಮ ಫೈಟರ್ ನಾಲ್ಕನೆಯ ಲೆವೆಲ್ಲಿನಲ್ಲಿದ್ದಾಗ ನಡೆದ ಘಟನೆಯಿಂದ ಕಥೆ ಆರಂಭಿಸಿ, ಮುಂದೆ ಅವನಿಗೆ ದಕ್ಕುವ ಒಂದೋ ಎರಡೋ ಸಾಮರ್ಥ್ಯಗಳನ್ನು ಮಾತ್ರ ಉಳಿಸಿಕೊಳ್ಳಿ, ಪ್ರತಿಯೊಂದಕ್ಕೂ ಅವನು ಏನನ್ನು ತೆತ್ತ ಎಂಬುದು ಒಂದು ಪೂರ್ಣ ದೃಶ್ಯವಾಗಲಿ. ಕೊನೆಯ ಅಧ್ಯಾಯದಲ್ಲಿಯೂ ಕತ್ತಲಲ್ಲಿ ಬಂದ ಒಂದು ಈಟಿ ಅವನನ್ನು ಕೊಲ್ಲಬಲ್ಲದು ಎಂಬ ಭಯ ಓದುಗನಲ್ಲಿ ಉಳಿದಿರಬೇಕು. ಹಾಗಾದಾಗ ಡ್ರ್ಯಾಗನ್ನಿನ ಎದುರು ಅವನು ನಿಲ್ಲುವುದಕ್ಕೆ ಬೆಲೆ ಬರುತ್ತದೆ.

ಪ್ರಶ್ನೆ: ಬಲ ಹೀಗೆ ಬೇಕಾಬಿಟ್ಟಿ ಏರದಂತಹ, ಕಥೆಗಳಿಗೆ ಹತ್ತಿರವಾದ ರೋಲ್‌ಪ್ಲೇಯಿಂಗ್ ಆಟಗಳು ಇಲ್ಲವೇ?

ಉತ್ತರ: ಮೊದಲಿನಿಂದಲೂ ಇವೆ. 1978ರ ರೂನ್‌ಕ್ವೆಸ್ಟ್‌ನಲ್ಲಿ ಲೆವೆಲ್ಲುಗಳೇ ಇಲ್ಲ. ಆಟದಲ್ಲಿ ಯಾವ ಕೌಶಲವನ್ನು ಬಳಸಿ ಗೆದ್ದಿರೋ ಅದರ ಮುಂದೆ ಒಂದು ಗುರುತು ಹಾಕಿಕೊಂಡು, ಸಾಹಸ ಮುಗಿದ ಮೇಲೆ ಶೇಕಡಾ ಲೆಕ್ಕದ ದಾಳ ಉರುಳಿಸುತ್ತೀರಿ. ಬಂದ ಅಂಕ ಸದ್ಯದ ಕೌಶಲಕ್ಕಿಂತ ಹೆಚ್ಚಿದ್ದರೆ ಮಾತ್ರ ಅದು ಬೆಳೆಯುತ್ತದೆ. ಹೀಗಾಗಿ ಕಲಿತವನಿಗೆ ಮತ್ತೆ ಕಲಿಯುವುದು ಕಷ್ಟವಾಗುತ್ತ ಹೋಗುತ್ತದೆ, ಬದುಕಿನಲ್ಲಿ ಆಗುವಂತೆಯೇ. ಅನುಭವ ಎಷ್ಟೇ ಹೆಚ್ಚಿದರೂ ದೇಹದ ಹಿಟ್ ಪಾಯಿಂಟ್ ಅದರೊಂದಿಗೆ ಏರುವುದಿಲ್ಲ. ಪಳಗಿದ ಯೋಧನೂ ತಲೆಗೆ ಬಿದ್ದ ಒಂದು ಒಳ್ಳೆಯ ಏಟಿಗೆ ಸಾಯಬಹುದು. 1981ರ ಕಾಲ್ ಆಫ್ ಕ್ತುಲು ಇನ್ನೂ ಮುಂದೆ ಹೋಗಿ ಏಣಿಯನ್ನೇ ತಲೆಕೆಳಗು ಮಾಡಿತು. ಅದರಲ್ಲಿ ನಿಗೂಢ ಶಕ್ತಿಗಳ ಬಗ್ಗೆ ಪಾತ್ರಕ್ಕೆ ತಿಳಿವು ಹೆಚ್ಚಿದಷ್ಟೂ ಅದರ ಬುದ್ಧಿಸ್ಥಿಮಿತದ ಗರಿಷ್ಠ ಮಿತಿ ತಗ್ಗುತ್ತದೆ. ಕರ್ಣನ ಕಥೆ ಮೆಚ್ಚಿದವರಿಗೆ ಈ ಆಟ ಹಿಡಿಸಬಹುದು. ಆದರೂ ದೀರ್ಘ ಕ್ಯಾಂಪೇನಿನಲ್ಲಿ ಆಟಗಾರರನ್ನು ಮೇಜಿಗೆ ಮರಳಿ ಕರೆತರುವುದರಲ್ಲಿ ಲೆವೆಲ್ಲಿಗೆ ಸಾಟಿಯಾದದ್ದನ್ನು ನಾನು ಕಂಡಿಲ್ಲ.

ಪ್ರಶ್ನೆ: ಹಾಗಿದ್ದರೆ, ನಾಯಕನ ಲೆವೆಲ್ಲು ಮತ್ತು ಅಂಕಗಳನ್ನು ನೇರವಾಗಿ ಕಥೆಯೊಳಗೇ ತೋರಿಸುವ ಈಗಿನ ಧಾರಾವಾಹಿ ಕಾದಂಬರಿಗಳನ್ನು ಜನ ಏಕೆ ಇಷ್ಟಪಟ್ಟು ಓದುತ್ತಾರೆ?

ಉತ್ತರ: ಅಲ್ಲಿ ಅಂಕಗಳು ಪಾತ್ರಕ್ಕೂ ಕಾಣುತ್ತವೆ ಎಂಬ ಒಂದೇ ಕಾರಣದಿಂದ. ತನಗೆ ಎಷ್ಟು ಅಂಕ ಕಡಿಮೆ ಬಿದ್ದಿದೆ ಎಂದು ನಾಯಕನೇ ಕುಳಿತು ಲೆಕ್ಕ ಹಾಕುವಾಗ, ಏಣಿಯೇ ಅವನ ಲೋಕದ ನಿಯಮವಾಗುತ್ತದೆ, ಓದುಗನೂ ಅವನ ಜೊತೆ ಕುಳಿತು ಲೆಕ್ಕ ಹಾಕುತ್ತಾನೆ. ಕಂತುಕಂತಾಗಿ ತಿಂಗಳುಗಟ್ಟಲೆ ಓದುವವನು ಆಟಗಾರನಂತೆಯೇ ಕಾದಿರುತ್ತಾನೆ, ಹಾಗಾಗಿ ಸಂಬಳ ಅವನಿಗೂ ಸಲ್ಲುತ್ತದೆ. ಮೊದಲ ಪ್ರಶ್ನೆ ಕೇಳಿದವರ ಫೈಟರ್‌ನಿಗೆ ತನ್ನ 84 ಹಿಟ್ ಪಾಯಿಂಟ್‌ಗಳ ಸುಳಿವೇ ಇರಲಿಲ್ಲ. ಅವು ಅವರ ಹಾಳೆಯ ಮೇಲೆ, ಪೆನ್ಸಿಲ್ಲಿನಲ್ಲಿ ಬರೆದ ಅಂಕಿಗಳಾಗಿ ಮಾತ್ರ ಇದ್ದವು.